ಹೊರದೇಶದ ಚೀನೀ ವ್ಯಾಪಾರಿಗಳಿಗೆ ಉದ್ರಿ ಕೊಡುವ ಧೈರ್ಯ ಎಲ್ಲಿಂದ ಬರುತ್ತದೆ?

ಚಿಕ್ಕಪೇಟೆ ಶೆಟ್ಟಿ
ಎಲ್ಲರಿಗೂ ನಮಸ್ಕಾರ. ನಂದು ಬೆಂಗಳೂರಿನಲ್ಲಿ ಹಾರ್ಡ್‌ವೇರ್ ಸಗಟು ವ್ಯಾಪಾರ. ಬೀಗ, ಹಿಂಜಸ್, ಡ್ರಾಯರ್ ಚಾನೆಲ್, ಇಂಥವು. ಸ್ವಲ್ಪ ದಿನದ ಹಿಂದೆ ಮಲೇಷ್ಯಾದ ಪೆನಾಂಗ್‌ಗೆ ಹೋಗಿದ್ದೆ. ಅಲ್ಲೊಬ್ಬರು ಚೀನೀ ಸಗಟು ವ್ಯಾಪಾರಿ, ವಯಸ್ಸು ಎಪ್ಪತ್ತರ ಮೇಲೆ. ಬನಿಯನ್ನು, ಚಡ್ಡಿಯಲ್ಲೇ ಗಲ್ಲಾದಲ್ಲಿ ಕೂತಿದ್ದರು. ನನ್ನ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. ಯಾರಿಗೋ ಫೋನ್ ಮಾಡಿ ತಮ್ಮ ಭಾಷೆಯಲ್ಲಿ ಎರಡು ನಿಮಿಷ ಮಾತಾಡಿದರು. ಫೋನ್ ಇಟ್ಟು "ಅರವತ್ತು ದಿನ" ಅಂದರು. ಅಷ್ಟೇ. ಎಲ್‌ಸಿ (ದುಡ್ಡಿಗೆ ಬ್ಯಾಂಕಿನ ಖಾತರಿ ಪತ್ರ) ಬೇಡ, ಅಡ್ವಾನ್ಸ್ ಬೇಡ, ಒಂದು ಸಹಿಯೂ ಬೇಡ.

ಆ ಫೋನ್ ಹೋಗಿದ್ದು ಸಿಂಗಪುರಕ್ಕೆ. ನಾನು ಎಂಟು ವರ್ಷದಿಂದ ಮಾಲು ತರಿಸುವ ಪಾರ್ಟಿಗೆ. ಇದು ನನಗೆ ಗೊತ್ತಾಗಿದ್ದು ಊರಿಗೆ ಬಂದ ಮೇಲೆ.

ನಮ್ಮ ಪೇಟೆಯಲ್ಲಿ ಪಕ್ಕದ ಅಂಗಡಿಯವನಿಗೆ ಉದ್ರಿ ಕೊಡುವುದಕ್ಕೂ ಹತ್ತು ಸಲ ಯೋಚಿಸುತ್ತೇವೆ. ಇವರಿಗೆ ಇದು ರಕ್ತದಲ್ಲೇ ಬಂದಿದೆಯಾ? ಇಂಡೋನೇಷ್ಯಾದಲ್ಲಿ ನೂರಕ್ಕೆ ಮೂರು ಜನ ಇದ್ದುಕೊಂಡು ನೂರಕ್ಕೆ ಎಪ್ಪತ್ತು ವ್ಯಾಪಾರ ಇವರದೇ ಅಂತೆ. ನಾವು 1991ರಿಂದ ಜಾಗತೀಕರಣ ಜಾಗತೀಕರಣ ಅಂತಿದ್ದೀವಿ. ಇವರು ನೂರು ವರ್ಷ ಮುಂಚೆಯೇ ಅದನ್ನು ಮುಗಿಸಿ ಕೈ ತೊಳೆದುಕೊಂಡ ಹಾಗಿದೆ. ಆ ಕಡೆ ಇರುವವರು ಸ್ವಲ್ಪ ಹೇಳಿ.

ತರಲೆ ತಮ್ಮಯ್ಯ
ರಕ್ತವೂ ಇಲ್ಲ ಏನೂ ಇಲ್ಲ ಶೆಟ್ರೇ. ನಿಮ್ಮ ಹೊಟ್ಟೆ ನೋಡಿ, ಈ ಮನುಷ್ಯ ಓಡಿಹೋಗೋದು ಕಷ್ಟ ಅಂತ ತೀರ್ಮಾನ ಮಾಡಿರುತ್ತಾರೆ.

ಪೆನಾಂಗ್ ಭಟ್ಟ
ಶೆಟ್ರೇ, ನಮ್ಮೂರಿಗೆ ಬಂದು ಹೋಗಿದ್ದೀರಿ, ಮೊದಲೇ ಹೇಳಿದ್ದರೆ ಕಾಫಿಗಾದರೂ ಸಿಗಬಹುದಿತ್ತು. ನಾನು ಶಿರಸಿ ಕಡೆಯವನು. ಇಲ್ಲಿನ ಬಾಯನ್ ಲೆಪಾಸ್ ಕೈಗಾರಿಕಾ ಪ್ರದೇಶದಲ್ಲಿ ಹದಿನಾಲ್ಕು ವರ್ಷದಿಂದ ಇದ್ದೇನೆ. (ಪಿನಾಂಗ್ ಅಂದರೆ ಮಲಯ್ ಭಾಷೆಯಲ್ಲಿ ಅಡಿಕೆ. ಅಡಿಕೆ ತೋಟ ಬಿಟ್ಟು ಅಡಿಕೆ ದ್ವೀಪಕ್ಕೆ ಬಂದೆ ಅಂತ ಅಪ್ಪ ಇವತ್ತಿಗೂ ಆಡಿಕೊಳ್ಳುತ್ತಾರೆ.)

ಮೊದಲನೆಯದಾಗಿ, "ಚೀನೀಯರು" ಅಂತ ಒಂದೇ ಗಂಟು ಕಟ್ಟಬೇಡಿ. ಆ ಅಜ್ಜ ಫೋನಿನಲ್ಲಿ ಮಾತಾಡಿದ್ದು ಬಹುಶಃ ಹೊಕ್ಕಿಯನ್. ಅದು ಫುಜಿಯನ್ ಪ್ರಾಂತ್ಯದ ದಕ್ಷಿಣ ಕರಾವಳಿಯವರ ಮಾತು. ಪೆನಾಂಗ್, ಸಿಂಗಪುರದಲ್ಲಿ ಅವರೇ ಜಾಸ್ತಿ. ಬ್ಯಾಂಕಾಕಿನಲ್ಲಿ ತಿಯೊಚ್ಯೂ ಜನ. ಕ್ವಾಲಾಲಂಪುರದಲ್ಲಿ ಕ್ಯಾಂಟನೀಸ್, ಹಕ್ಕಾ. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತಿರಲಿಲ್ಲ. ನಂಬಿಕೆ ದೂರದ ಮಾತು, 19ನೇ ಶತಮಾನದಲ್ಲಿ ಇಲ್ಲೇ ಪಕ್ಕದ ಲಾರುಟ್‌ನ ತವರದ ಗಣಿಗಳಿಗಾಗಿ ಬೇರೆ ಬೇರೆ ಗುಂಪಿನವರು ವರ್ಷಗಟ್ಟಲೆ ಹೊಡೆದಾಡಿದ್ದಾರೆ.

ಎರಡನೆಯದು, ಉದ್ರಿ. ಇದಕ್ಕೆ ಹೊಕ್ಕಿಯನ್‌ನಲ್ಲಿ ಸಿನ್‌ಯೊಂಗ್ ಅನ್ನುತ್ತಾರೆ. ನಮ್ಮಲ್ಲಿ "ಅವನ ಮಾತಿಗೆ ಬೆಲೆ ಇದೆ" ಅನ್ನುತ್ತೇವಲ್ಲ, ಆ ಬೆಲೆ. ಅದು ಪ್ರೀತಿಯಿಂದ ಬರುವುದಲ್ಲ, ತಪ್ಪಿಸಿಕೊಳ್ಳಲು ಜಾಗ ಇಲ್ಲದ ಕಡೆ ಹುಟ್ಟುವುದು. ನೀವು ದುಡ್ಡು ಮುಳುಗಿಸಿದರೆ ಕುಲದ ಸಂಘದಲ್ಲಿ ಗೊತ್ತಾಗುತ್ತದೆ, ದೇವಸ್ಥಾನದ ಸಮಿತಿಯಲ್ಲಿ ಗೊತ್ತಾಗುತ್ತದೆ, ಮಗನಿಗೆ ಹೆಣ್ಣು ಕೇಳಲು ಹೋದಾಗ ಅಲ್ಲೂ ಗೊತ್ತಾಗುತ್ತದೆ. ಜಾರ್ಜ್‌ಟೌನ್‌ನ ಖೂ ಕೊಂಗ್ಸಿ ನೋಡಿರಬೇಕು ನೀವು. ಪ್ರವಾಸಿಗರು ಅದರ ಚಾವಣಿಯ ಕೆತ್ತನೆ ಫೋಟೊ ತೆಗೆಯುತ್ತಾರೆ. ಖೂ ಮನೆತನದವರ ಕುಲದ ಮನೆ ಅದು. ಊರಿಂದ ಹೊಸದಾಗಿ ಹಡಗಿಳಿದವನಿಗೆ ಇಂಥ ಮನೆಗಳೇ ಬ್ಯಾಂಕು, ಕೋರ್ಟು, ತಂಗುವ ಜಾಗ ಎಲ್ಲಾ.

ನಮ್ಮ ಕೂಗೋ ಚೀಟಿ ಇದೆಯಲ್ಲ, ತಿಂಗಳಿಗೊಬ್ಬರು ಕಸರು ಬಿಟ್ಟು ಎತ್ತುವುದು, ಅದೇ ಲೆಕ್ಕ ಇವರಲ್ಲೂ ಇತ್ತು. ಅದಕ್ಕೆ ಹುಯಿ ಅಂತ ಹೆಸರು. ಎಷ್ಟೋ ಅಂಗಡಿಗಳ ಮೊದಲ ಬಂಡವಾಳ ಅದೇ. ಊರಿಗೆ ದುಡ್ಡು ಕಳಿಸುವುದೂ ಹಾಗೇ. ಬ್ಯಾಂಕ್ ಇಲ್ಲದ ಹಳ್ಳಿಗೆ ಏಜೆಂಟರು ದುಡ್ಡು, ಪತ್ರ ಎರಡನ್ನೂ ಒಂದೇ ಲಕೋಟೆಯ ಲೆಕ್ಕದಲ್ಲಿ ಮುಟ್ಟಿಸುತ್ತಿದ್ದರು. ಅಲ್ಲಿಂದ ತಾಯಿಯೋ ಹೆಂಡತಿಯೋ ಬರೆಸಿದ ಉತ್ತರವೇ ರಸೀದಿ. ಮನಿಯಾರ್ಡರ್ ಫಾರಂನಲ್ಲಿ ಎರಡು ಸಾಲು ಬರೆಯುವ ಜಾಗ ಇರುತ್ತಿತ್ತು ನೋಡಿ, ಅದನ್ನು ನೆನೆಸಿಕೊಳ್ಳಿ. ಆ ಪತ್ರಗಳು 2013ರಲ್ಲಿ ಯುನೆಸ್ಕೊದ ವಿಶ್ವ ಸ್ಮರಣೆ ಪಟ್ಟಿಗೆ ಸೇರಿವೆ.

ನಿವೃತ್ತ ಮೇಷ್ಟ್ರು
ಭಟ್ಟರು ಹೇಳಿದ್ದಕ್ಕೆ ಹಿಂದಿನ ಕಥೆ ಸ್ವಲ್ಪ ಸೇರಿಸುತ್ತೇನೆ. "ಇವರು ಹುಟ್ಟಾ ವ್ಯಾಪಾರಿಗಳು" ಅನ್ನುವುದು ತಪ್ಪು. ಹಡಗಿಳಿದವರಲ್ಲಿ ಬಹುಪಾಲು ಜನ ಕೂಲಿಗಳು. ಹಡಗಿನ ಖರ್ಚೇ ಸಾಲ. ಅದು ತೀರುವವರೆಗೆ ಗಣಿಯಲ್ಲೋ ತೋಟದಲ್ಲೋ ಜೀತ. ಅಲ್ಲೇ ಸತ್ತವರ ಹೆಸರು ಯಾವ ಕುಲದ ಮನೆಯ ಗೋಡೆಯ ಮೇಲೂ ಇಲ್ಲ. ನಮಗೆ ಕಾಣುವುದು ಗೆದ್ದ ಕೆಲವರು ಮಾತ್ರ.

ಆ ಗೆದ್ದವರಿಗೂ ಬ್ರಿಟಿಷರು, ಡಚ್ಚರು ಒಂದು ಜಾಗ ಮಾಡಿಕೊಟ್ಟಿದ್ದರು. ನಮ್ಮಲ್ಲಿ ಸಾರಾಯಿ ಗುತ್ತಿಗೆ ಹರಾಜು ಹಾಕುತ್ತಿದ್ದರಲ್ಲ, ಹಾಗೇ ಅಲ್ಲಿ ಅಫೀಮಿನ ಗುತ್ತಿಗೆ. ಚೀನೀ ಸಾಹುಕಾರ ಕೂಗಿ ಹಿಡಿಯುತ್ತಿದ್ದ, ಚೀನೀ ಕೂಲಿಗೇ ಮಾರುತ್ತಿದ್ದ. 19ನೇ ಶತಮಾನದಲ್ಲಿ ಸಿಂಗಪುರ ಸರ್ಕಾರದ ವರಮಾನದಲ್ಲಿ ಹೆಚ್ಚು ಕಡಿಮೆ ಅರ್ಧ ಅಫೀಮಿನದು. ಮಾಲು ಹೋಗುತ್ತಿದ್ದದ್ದು ನಮ್ಮ ಬಿಹಾರ, ಬನಾರಸ್ ಕಡೆಯಿಂದ. ಜಾಗತೀಕರಣ ಅಂದಿರಲ್ಲ ಶೆಟ್ರೇ, ಅದರ ಹಳೆಯ ಮುಖ ಇದು.

ಇನ್ನೊಂದು. ಜಾವಾದಲ್ಲಿ ಡಚ್ಚರ ಕಾನೂನಿನ ಪ್ರಕಾರ ಅಲ್ಲಿನ ರೈತರ ಜಮೀನನ್ನು ಚೀನೀಯರು ಕೊಳ್ಳುವ ಹಾಗಿರಲಿಲ್ಲ. ಜಮೀನಿಲ್ಲ, ಸರ್ಕಾರಿ ನೌಕರಿ ಇಲ್ಲ. ಉಳಿದದ್ದು ತಕ್ಕಡಿ ಒಂದೇ. ಮಧ್ಯದಲ್ಲಿ ಕೂತವನಿಗೆ ಎರಡೂ ಕಡೆಯಿಂದ ಏಟು. 1740ರಲ್ಲಿ ಬಟಾವಿಯಾದಲ್ಲಿ, ಅಂದರೆ ಈಗಿನ ಜಕಾರ್ತಾದಲ್ಲಿ, ಸುಮಾರು ಹತ್ತು ಸಾವಿರ ಚೀನೀಯರನ್ನು ಕೊಂದರು.

ತಾನ್ ಕಾ ಕೀ ಎಂಬ ಸಿಂಗಪುರದ ರಬ್ಬರ್ ವ್ಯಾಪಾರಿಯ ಬಗ್ಗೆ ಓದಿ. ಅನಾನಸ್, ರಬ್ಬರ್‌ನಲ್ಲಿ ಗಳಿಸಿ 1921ರಲ್ಲಿ ತನ್ನ ಸೀಮೆಯಾದ ಫುಜಿಯನ್‌ನಲ್ಲಿ ಶಿಯಾಮೆನ್ ವಿಶ್ವವಿದ್ಯಾಲಯ ಕಟ್ಟಿಸಿದರು. ಆರ್ಥಿಕ ಕುಸಿತದ ಹೊಡೆತಕ್ಕೆ 1934ರಲ್ಲಿ ಕಂಪನಿ ಮುಚ್ಚಿತು. ವಿಶ್ವವಿದ್ಯಾಲಯವನ್ನು ಮಾತ್ರ 1937ರಲ್ಲಿ ಸರ್ಕಾರಕ್ಕೆ ಒಪ್ಪಿಸುವವರೆಗೂ ಬಿಡಲಿಲ್ಲ. ರಬ್ಬರ್ ಬೆಲೆ ಅಮೆರಿಕದಲ್ಲಿ ಬಿದ್ದರೆ ಫುಜಿಯನ್‌ನ ಕಾಲೇಜು ಮೇಷ್ಟ್ರ ಸಂಬಳಕ್ಕೆ ಕುತ್ತು. ನಾನೂ ಸಂಬಳಕ್ಕೆ ಕಾದವನೇ, ಅದಕ್ಕೇ ಈ ವಿಷಯ ತಲೆಯಲ್ಲಿ ಉಳಿದಿದೆ.

ಚಿಕ್ಕಪೇಟೆ ಶೆಟ್ಟಿ
ಅಬ್ಬಾ, ಇಷ್ಟೆಲ್ಲಾ ಇದೆಯಾ. ಆದರೂ ಎಪ್ಪತ್ತು ಪರ್ಸೆಂಟ್ ಸುಳ್ಳಲ್ಲವಲ್ಲ?

ಚಿಲಿವುಂಗ್ ದಡದಿಂದ
ಸುಳ್ಳಲ್ಲ ಅಣ್ಣಾ, ಆದರೆ ನೀವು ಹೇಳುವ ಹಾಗೆ ನಿಜವೂ ಅಲ್ಲ. ಆ ಅಂಕಿ ಹುಟ್ಟಿದ್ದು ಷೇರುಪೇಟೆಯಲ್ಲಿದ್ದ ಖಾಸಗಿ ಕಂಪನಿಗಳ ಲೆಕ್ಕದಲ್ಲಿ. ಅದರಲ್ಲಿ ಸರ್ಕಾರಿ ಕಂಪನಿಗಳಿಲ್ಲ, ವಿದೇಶಿ ಎಣ್ಣೆ ಕಂಪನಿಗಳಿಲ್ಲ, ಹೊಲ ಗದ್ದೆ, ಬೀದಿ ವ್ಯಾಪಾರ ಯಾವುದೂ ಇಲ್ಲ. ಬಾಯಿಂದ ಬಾಯಿಗೆ ಹೋಗುತ್ತಾ "ದೇಶದ ಎಪ್ಪತ್ತು ಭಾಗ ಅವರದು" ಅಂತಾಯಿತು. ಮೂರು ಪರ್ಸೆಂಟೂ ಅಂದಾಜೇ. 2010ರ ಜನಗಣತಿಯಲ್ಲಿ ತಾವು ಚೀನೀ ಮೂಲದವರು ಅಂತ ಬರೆಸಿದವರು ನೂರಕ್ಕೆ 1.2 ಅಷ್ಟೇ. ಬರೆಸಲು ಹೆದರಿದವರು ಎಷ್ಟೋ. ಯಾಕೆ ಹೆದರಿಕೆ ಅಂತ ಹೇಳುತ್ತೇನೆ.

ನಾನು ಮದುವೆಯಾಗಿ ಜಕಾರ್ತಾಕ್ಕೆ ಬಂದದ್ದು 1996ರಲ್ಲಿ. ಇಲ್ಲಿನ ಚೀನೀಯರ ಪೇಟೆ ಗ್ಲೊಡೊಕ್ ಹತ್ತಿರ ಒಂದು ಎಲೆಕ್ಟ್ರಾನಿಕ್ಸ್ ಆಮದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ಮಾಲೀಕರ ಹೆಂಡತಿಯನ್ನು ನಾವೆಲ್ಲ ಚಿಚಿ ಅನ್ನುತ್ತಿದ್ದೆವು, ಅಕ್ಕ ಅಂತ. ಅಲ್ಲಿ ವ್ಯಾಪಾರ ನಡೆಯುತ್ತಿದ್ದದ್ದು ಗಿರೊ ಮೇಲೆ. ಮುಂದಿನ ದಿನಾಂಕ ಹಾಕಿದ ಚೆಕ್ಕಿನ ಥರ. ಮೂರು ತಿಂಗಳ ಮುಂದಿನ ಗಿರೊ ಹಿಡಿದು ಒಬ್ಬ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. ಚಿಚಿಯ ಡ್ರಾಯರಿನಲ್ಲಿ ತಿಂಗಳ ಪ್ರಕಾರ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟ ಕಟ್ಟುಗಳು. ಯಾರ ಗಿರೊ ಯಾವಾಗ ಪಾಸಾಗುತ್ತದೆ, ಯಾರದ್ದು ಎರಡು ದಿನ ತಡ, ಅವರಿಗೆ ಬಾಯಿಪಾಠ.

1997ರ ಜುಲೈ 2ರಂದು ಥಾಯ್ಲೆಂಡಿನ ಬಾತ್ ಬಿತ್ತು. ನಾವು ನಕ್ಕೆವು, ನಮಗೇನು ಅಂತ. ಆಗ ಡಾಲರಿಗೆ ಸುಮಾರು 2,400 ರುಪಿಯಾ ಇತ್ತು. ಮರುವರ್ಷ ಒಂದು ಹಂತದಲ್ಲಿ 16,000 ದಾಟಿತು. ಮಾಲು ತರಿಸಿದ್ದು ಡಾಲರಿನಲ್ಲಿ, ಗಿರೊ ಇದ್ದದ್ದು ರುಪಿಯಾದಲ್ಲಿ. ಆ ಕಟ್ಟುಗಳೆಲ್ಲ ರದ್ದಿ ಆದವು. ಯಾರೂ ಮೋಸ ಮಾಡಲಿಲ್ಲ, ಆದರೂ ಎಲ್ಲರ ಮಾತೂ ಸುಳ್ಳಾಯಿತು. ಭಟ್ಟರೇ, ನಿಮ್ಮ ಸಿನ್‌ಯೊಂಗ್ ಇದನ್ನು ತಡೆಯಲಿಲ್ಲ.

1998ರ ಮೇ 13, 14, 15. ನಾವು ಮನೆಯಲ್ಲೇ ಬಾಗಿಲು ಹಾಕಿಕೊಂಡಿದ್ದೆವು. ಹೊಗೆ ಕಾಣುತ್ತಿತ್ತು. ಜನ ತಮ್ಮ ಅಂಗಡಿಯ ಷಟರ್ ಮೇಲೆ "ಮಿಲಿಕ್ ಪ್ರಿಬುಮಿ" ಅಂತ ಬಣ್ಣದಲ್ಲಿ ಬರೆದರು. ಇದು ಈ ನೆಲದವರ ಅಂಗಡಿ, ಚೀನೀಯರದ್ದಲ್ಲ, ಬಿಟ್ಟುಬಿಡಿ ಅಂತ. ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ತುಂಬಾ ಮಂದಿ ಸುಟ್ಟ ಶಾಪಿಂಗ್ ಮಾಲ್‌ಗಳೊಳಗೆ ಸಿಕ್ಕಿಕೊಂಡ ಬಡವರು. ಚೀನೀ ಹೆಣ್ಣುಮಕ್ಕಳ ಮೇಲೆ ನಡೆದದ್ದನ್ನು ಇಲ್ಲಿ ಬರೆಯಲಾರೆ. ಅದೇ ವರ್ಷ ಸರ್ಕಾರ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ ರಾಷ್ಟ್ರೀಯ ಆಯೋಗ ಮಾಡಬೇಕಾಗಿ ಬಂದದ್ದು ಅದರಿಂದಲೇ.

ಚಿಚಿ ಸಿಂಗಪುರಕ್ಕೆ ಹೋದರು. ಎಂಟು ತಿಂಗಳ ಮೇಲೆ ವಾಪಸ್ ಬಂದರು. ಷಟರ್ ಮೇಲೆ ನಮ್ಮ ವಾಚ್‌ಮನ್ ಬರೆದಿದ್ದ "ಪ್ರಿಬುಮಿ" ಇನ್ನೂ ಇತ್ತು. ಅವರು ಅದನ್ನು ಅಳಿಸಲಿಲ್ಲ. ವರ್ಷಗಟ್ಟಲೆ ಹಾಗೇ ಇತ್ತು.

ಇನ್ನೊಂದು ಸಣ್ಣ ವಿಷಯ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಇಂಡೋನೇಷ್ಯಾಕ್ಕೆ ಮೊದಲ ಚಿನ್ನ ತಂದವರು ಸುಸಿ ಸುಸಾಂತಿ, ಚೀನೀ ಮೂಲದವರು. ಅಂಥವರಿಗೂ ತಾವು ಈ ದೇಶದ ಪ್ರಜೆ ಅಂತ ತೋರಿಸಲು ಒಂದು ಬೇರೆ ಕಾಗದ ಬೇಕಿತ್ತು. ಹೊಸ ಪೌರತ್ವ ಕಾಯ್ದೆ ಬಂದದ್ದು 2006ರಲ್ಲಿ.

ಬ್ಯಾಕ್‌ಹ್ಯಾಂಡ್ ಬಸವ
ಅಕ್ಕಾ, ಬ್ಯಾಡ್ಮಿಂಟನ್ ಮಾತು ತೆಗೆದಿರಿ, ಸುಮ್ನೆ ಇರಲಾರೆ. 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ನಮ್ಮ ಪ್ರಕಾಶ್ ಪಡುಕೋಣೆ 15-3, 15-10ರಲ್ಲಿ ಸೋಲಿಸಿದ್ದು ಲಿಯೆಮ್ ಸ್ವೀ ಕಿಂಗ್ ಅವರನ್ನು. ಅವರೂ ಚೀನೀ ಮೂಲದವರೇ ಅಲ್ವಾ?

ಚಿಲಿವುಂಗ್ ದಡದಿಂದ
ಹೌದಪ್ಪ! ಅದರಲ್ಲೇ ಈ ಚರ್ಚೆಗೆ ಬೇಕಾದ ಪೂರ್ತಿ ಕಥೆ ಇದೆ ನೋಡು. ಅವರ ಊರು ಜಾವಾದ ಕುದುಸ್. ಲವಂಗ ಬೆರೆಸಿದ ಸಿಗರೇಟಿಗೆ ಹೆಸರಾದ ಊರು. ಅಲ್ಲಿನ ಜಾರುಮ್ ಸಿಗರೇಟು ಕಂಪನಿ ತನ್ನ ಕೆಲಸಗಾರರು ಸಿಗರೇಟು ಸುತ್ತುವ ಶೆಡ್ಡಿನಲ್ಲೇ ಸಂಜೆ ಬ್ಯಾಡ್ಮಿಂಟನ್ ಆಡಿಸುತ್ತಿತ್ತು. ಆ ಕ್ಲಬ್ಬಿನಿಂದ ಬಂದವರು ಲಿಯೆಮ್ ಸ್ವೀ ಕಿಂಗ್.

ಅದೇ ಕುದುಸ್‌ಗೆ 1938ರಲ್ಲಿ ಫುಜಿಯನ್‌ನಿಂದ ಬಂದಿಳಿದ ಇನ್ನೊಬ್ಬ ಲಿಯೆಮ್ ಇದ್ದರು, ಲಿಯೆಮ್ ಸಿಯೊ ಲಿಯಾಂಗ್. ಸಿಗರೇಟು ಫ್ಯಾಕ್ಟರಿಗಳಿಗೆ ಲವಂಗ ಪೂರೈಸುತ್ತಿದ್ದರು. ಮುಂದೆ ಅಧ್ಯಕ್ಷ ಸುಹಾರ್ತೊ ಕೃಪೆಯಿಂದ ಹಿಟ್ಟಿನ ಗಿರಣಿ, ಸಿಮೆಂಟು, ಬಿಸಿಎ ಬ್ಯಾಂಕ್, ಇಂಡೊಮಿ ನೂಡಲ್ಸ್ ಅಂತ ದೇಶದ ದೊಡ್ಡ ಸಾಹುಕಾರರಾದರು. ಸುದೊನೊ ಸಲೀಂ ಅಂತ ಹೆಸರೂ ಬದಲಾಯಿಸಿಕೊಂಡರು. ಹೆಸರು ಬದಲಾದರೇನು, 1998ರಲ್ಲಿ ಅವರ ಮನೆಗೂ ಬೆಂಕಿ ಬಿತ್ತು. ಬ್ಯಾಂಕು ಸರ್ಕಾರದ ಕೈಗೆ ಹೋಯಿತು. 2012ರಲ್ಲಿ ಸಿಂಗಪುರದಲ್ಲಿ ತೀರಿಕೊಂಡರು.

ಬಿಸಿಎ ಈಗ ಯಾರ ಕೈಯಲ್ಲಿದೆ ಗೊತ್ತಾ? ಅದೇ ಕುದುಸ್‌ನ ಜಾರುಮ್ ಮನೆತನದ ಕೈಯಲ್ಲಿ. ಇಂಡೊಮಿಯಂತೂ ನೈಜೀರಿಯಾದಲ್ಲಿ ಮನೆಮಾತು. ಅಲ್ಲಿಗೆ ಅದನ್ನು ಒಯ್ದವರು ಇಂಡೋನೇಷ್ಯಾದ ಮಲಾಂಗ್‌ನಲ್ಲಿ ಬಟ್ಟೆ ಅಂಗಡಿಯಿಂದ ಶುರು ಮಾಡಿದ ಒಂದು ಸಿಂಧಿ ಕುಟುಂಬ. ಶೆಟ್ರು ಕೇಳಿದ ರಕ್ತ ಇಲ್ಲಿ ಯಾವ ಕಡೆ ಹರಿಯುತ್ತಿದೆ ಅಂತ ನೀವೇ ಹೇಳಿ.

ಎಚ್ಚೆತ್ತ ಭಾರತೀಯ
ಎಲ್ಲಾ ಚೆನ್ನಾಗಿದೆ. ಆದರೆ ಇವರೆಲ್ಲ ಕೊನೆಗೆ ಚೀನಾ ಸರ್ಕಾರದ ಕಡೆಯವರೇ. ದುಡ್ಡು ಅಲ್ಲಿಗೇ ಹೋಗುತ್ತದೆ. ನಂಬಬಾರದು.

ನಿವೃತ್ತ ಮೇಷ್ಟ್ರು
ಎಚ್ಚೆತ್ತವರೇ, 1962ರಲ್ಲಿ ನಾವೂ ಹೀಗೇ ಎಚ್ಚೆತ್ತಿದ್ದೆವು. ಅಸ್ಸಾಂ, ಡಾರ್ಜಿಲಿಂಗ್ ಕಡೆ ತಲೆಮಾರುಗಳಿಂದ ಇದ್ದ ಸುಮಾರು ಮೂರು ಸಾವಿರ ಚೀನೀ ಮೂಲದವರನ್ನು, ಮುದುಕರು ಮಕ್ಕಳು ಸಮೇತ, ರೈಲು ಹತ್ತಿಸಿ ರಾಜಸ್ಥಾನದ ದೇವಳಿಯ ಶಿಬಿರಕ್ಕೆ ಕಳಿಸಿದೆವು. ಅವರಲ್ಲಿ ಬಡಗಿಗಳು, ಚಪ್ಪಲಿ ಹೊಲಿಯುವವರು, ಹೋಟೆಲಿನವರು. ಕೆಲವರು ಹೊರಗೆ ಬರುವ ಹೊತ್ತಿಗೆ ಅಂಗಡಿ, ಮನೆ ಹರಾಜಾಗಿತ್ತು. ಇದಕ್ಕಿಂತ ಜಾಸ್ತಿ ನಾನು ಹೇಳುವುದಿಲ್ಲ.

ಪೆನಾಂಗ್ ಭಟ್ಟ
ಮೇಷ್ಟ್ರ ಮಾತಿಗೆ ನನ್ನ ಸಹಿ. ಆದರೆ ದುಡ್ಡು ಚೀನಾಕ್ಕೆ ಹೋದದ್ದು ಸುಳ್ಳಲ್ಲ. ಚೀನಾ 1980ರಲ್ಲಿ ನಾಲ್ಕು ವಿಶೇಷ ಆರ್ಥಿಕ ವಲಯ ತೆರೆಯಿತು. ಶೆನ್‌ಜೆನ್, ಜುಹಾಯ್, ಶಾಂಟೌ, ಶಿಯಾಮೆನ್. ಶೆನ್‌ಜೆನ್ ಪಕ್ಕದಲ್ಲಿ ಹಾಂಗ್‌ಕಾಂಗ್, ಜುಹಾಯ್ ಪಕ್ಕದಲ್ಲಿ ಮಕಾವ್. ಇನ್ನೆರಡು ಯಾಕೆ? ಶಾಂಟೌ ತಿಯೊಚ್ಯೂ ಜನರ ತವರು, ಶಿಯಾಮೆನ್ ಹೊಕ್ಕಿಯನ್ನರ ತವರು. ಹೊರಗೆ ಹೋದ ಮಕ್ಕಳ ಮನೆ ಬಾಗಿಲಿಗೇ ಹುಂಡಿ ಇಟ್ಟ ಹಾಗೆ.

ಬ್ಯಾಂಕಾಕಿನ ಸಿಪಿ ಕಂಪನಿ ನೋಡಿ. ಚಿಯಾ ಎಕ್ ಚೋರ್ ಎಂಬ ತಿಯೊಚ್ಯೂ ಮನುಷ್ಯ 1921ರಲ್ಲಿ ತರಕಾರಿ ಬೀಜದ ಅಂಗಡಿ ಇಟ್ಟರು. ನಾಲ್ಕು ಗಂಡುಮಕ್ಕಳಿಗೆ ಎಂಥ ಚೀನೀ ಹೆಸರಿಟ್ಟರು ಅಂದರೆ, ಮೊದಲ ಅಕ್ಷರಗಳನ್ನು ಸೇರಿಸಿ ಓದಿದರೆ "ಝೆಂಗ್ ದಾ ಝೊಂಗ್ ಗುವೊ" ಆಗುತ್ತದೆ. ಕೊನೆಯ ಎರಡು ಸೇರಿದರೆ ಚೀನಾ. ಶೆನ್‌ಜೆನ್‌ನಲ್ಲಿ ವಿದೇಶಿ ಹೂಡಿಕೆಯ ಪರವಾನಗಿ ನಂಬರ್ 0001 ಸಿಕ್ಕಿದ್ದು ಇವರ ಕಂಪನಿಗೇ. ಅದು ದೇಶಪ್ರೇಮವೋ ಲಾಭವೋ? ನನ್ನ ಪ್ರಕಾರ ಎರಡೂ, ಲಾಭ ಸ್ವಲ್ಪ ಜಾಸ್ತಿ. ಅದೇ ಕಂಪನಿ ಥಾಯ್ಲೆಂಡಿನಲ್ಲಿ ಸೆವೆನ್ ಇಲೆವೆನ್ ಅಂಗಡಿಗಳನ್ನು ನಡೆಸುತ್ತದೆ. ಬೆಂಗಳೂರಿನ ಬೀದಿ ಮೂಲೆಗಳಲ್ಲಿ ಫೈವ್ ಸ್ಟಾರ್ ಚಿಕನ್ ಅಂತ ಅಂಗಡಿ ನೋಡಿದ್ದೀರಲ್ಲ, ಅದೂ ಅವರದೇ. ಎಚ್ಚೆತ್ತವರು ಅಲ್ಲಿ ತಿಂದಿರಲೂಬಹುದು.

ತರಲೆ ತಮ್ಮಯ್ಯ
ತಿಂದಿದ್ದೇನೆ, ನಾನು. ದೇಶದ್ರೋಹದ ರುಚಿ ಏನೂ ಬರಲಿಲ್ಲ. ಉಪ್ಪು ಜಾಸ್ತಿ.

ಓವರ್‌ಲಾಕ್
ನಾನು ಫ್ಲಾರೆನ್ಸ್‌ನಲ್ಲಿ ಓದುವಾಗ ಪಕ್ಕದ ಪ್ರಾತೊಗೆ ಆಗಾಗ ಹೋಗುತ್ತಿದ್ದೆ. ನೀವೆಲ್ಲ ಹೇಳುತ್ತಿರುವುದು ಹಳೆಯ ವಲಸೆ. ಅಲ್ಲಿರುವವರು ಹೊಸಬರು, ಬಹಳಷ್ಟು ಮಂದಿ ಚೀನಾದ ವೆಂಝೌ ಕಡೆಯವರು, 1990ರ ಹೊತ್ತಿಗೆ ಬರತೊಡಗಿದವರು. ಮೊದಲು ಇಟಲಿಯವರಿಗೆ ಜಾಬ್‌ವರ್ಕ್ ಹೊಲಿದರು. ಆಮೇಲೆ ತಾವೇ ಮಾಲೀಕರಾದರು. ಬಟ್ಟೆ ಚೀನಾದ್ದು, ಕೈ ಚೀನಾದ್ದು, ಲೇಬಲ್ ಮಾತ್ರ "ಮೇಡ್ ಇನ್ ಇಟಲಿ". ಅದು ಸುಳ್ಳೂ ಅಲ್ಲ ನೋಡಿ!

2013ರ ಡಿಸೆಂಬರ್ 1ರಂದು ಅಲ್ಲಿನ ಒಂದು ಗಾರ್ಮೆಂಟ್ಸ್‌ಗೆ ಬೆಂಕಿ ಬಿತ್ತು. ಕೆಲಸಗಾರರು ಹೊಲಿಗೆ ಮೆಷಿನ್ನುಗಳ ಮೇಲೇ ಕಟ್ಟಿದ್ದ ಗೂಡುಗಳಲ್ಲಿ ಮಲಗಿದ್ದರು. ಏಳು ಜನ ಸತ್ತರು. ಮಾಲೀಕರೂ ಚೀನೀಯರೇ, ಸತ್ತವರೂ ಚೀನೀಯರೇ. ನಮ್ಮವರ ನಂಬಿಕೆ, ನಮ್ಮವರ ಜಾಲ ಅಂತ ಹಾಡಿ ಹೊಗಳುವ ಮುಂಚೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ. ಊರಿನವನು ಅಂತಲೇ ಕಡಿಮೆ ಸಂಬಳಕ್ಕೆ ಬರುತ್ತಾನೆ, ಊರಿನವನು ಅಂತಲೇ ದೂರು ಕೊಡುವುದಿಲ್ಲ.

ಪೆನಾಂಗ್ ಭಟ್ಟ
ಒಪ್ಪಿದೆ. ಮೇಷ್ಟ್ರು ಹೇಳಿದ ಅಫೀಮಿನ ಗುತ್ತಿಗೆಯೂ ಇದೇ ತಾನೆ.

ಶೆಟ್ರ ಮೂಲ ಪ್ರಶ್ನೆಗೆ ಬರುತ್ತೇನೆ. ನನಗೆ ಕಂಡ ಮಟ್ಟಿಗೆ ಜಾಗತೀಕರಣ ಈ ಜಾಲವನ್ನು ಬೆಳೆಸಿತು, ಈಗ ಅದೇ ಇದನ್ನು ತಿನ್ನುತ್ತಿದೆ. ನಮ್ಮ ಫ್ಯಾಕ್ಟರಿಗೆ ಲೋಹದ ಬಿಡಿಭಾಗ ಕೊಡುವ ಒಂದು ವರ್ಕ್‌ಶಾಪ್ ಇದೆ. ತಂದೆ ಶುರು ಮಾಡಿದಾಗ ಒಂದು ಲೇತು, ಇಬ್ಬರು ಹುಡುಗರು. 1972ರಲ್ಲಿ ಇಂಟೆಲ್ ತನ್ನ ಮೊದಲ ಹೊರದೇಶದ ಫ್ಯಾಕ್ಟರಿ ಹಾಕಿದ್ದು ಇಲ್ಲಿ. ಹಿಂದೆಯೇ ಬೇರೆಯವರೂ ಬಂದರು. 1971ರ ಹೊಸ ಆರ್ಥಿಕ ನೀತಿಯಲ್ಲಿ ಮಲಯ್ ಜನರಿಗೆ ಶೇ. 30 ಪಾಲು ಅಂತ ಗುರಿ ಇಟ್ಟಿದ್ದರಿಂದ ಚೀನೀಯರಿಗೆ ಸರ್ಕಾರಿ ಕಂಟ್ರಾಕ್ಟು ಕಷ್ಟ. ಅದಕ್ಕೆ ವಿದೇಶಿ ಕಂಪನಿಗಳ ಬೆನ್ನು ಹಿಡಿದರು. ಇವತ್ತು ಮಗ ಜರ್ಮನಿಯ ಮೆಷಿನ್ ಇಟ್ಟುಕೊಂಡಿದ್ದಾನೆ. ನಮ್ಮ ಜೊತೆ ಅವನ ಸಂಬಂಧ ಐಎಸ್‌ಒ ಸರ್ಟಿಫಿಕೇಟು, ವೆಂಡರ್ ಪೋರ್ಟಲ್ಲು. ಪೇಮೆಂಟ್ ತೊಂಬತ್ತು ದಿನ. ಅವನ ಅಪ್ಪ ಯಾರು, ಯಾವ ಕುಲ ಅಂತ ಪೋರ್ಟಲ್ ಕೇಳುವುದಿಲ್ಲ.

ಗೋಡೌನಿಗೆ ಹೋದರೆ ತಂದೆ ಇನ್ನೂ ಕೈಬರಹದ ಬಿಲ್ಲಿಗೆ ಕೆಂಪು ಮುದ್ರೆ ಒತ್ತುತ್ತಿರುತ್ತಾರೆ. ಅದಕ್ಕೆ ಇಲ್ಲಿ ಚಾಪ್ ಅನ್ನುತ್ತಾರೆ. ನಮ್ಮ ಛಾಪಾನೇ ಅದು, ಇಂಡಿಯಾದಿಂದ ಮಲಯ್‌ಗೆ ಹೋದ ಪದ. ಮಗ ಅಪ್ಪನ ಹೊಕ್ಕಿಯನ್‌ಗೆ ಮ್ಯಾಂಡರಿನ್‌ನಲ್ಲಿ ಉತ್ತರ ಕೊಡುತ್ತಾನೆ. ಮೊಮ್ಮಗಳು ಇಂಗ್ಲಿಷಿನಲ್ಲಿ. ಸಿಂಗಪುರದಲ್ಲಂತೂ 1979ರಲ್ಲಿ ಸರ್ಕಾರವೇ ಮ್ಯಾಂಡರಿನ್ ಮಾತಾಡಿ ಅಂತ ಅಭಿಯಾನ ಮಾಡಿತು. ಮನೆಮಾತು ಮೂಲೆ ಸೇರಿತು. ಯಾವ ಭಾಷೆಯಲ್ಲಿ ಆ ಅಜ್ಜ ನಿಮ್ಮ ಬಗ್ಗೆ ವಿಚಾರಿಸಿದರೋ, ಆ ಭಾಷೆಯಲ್ಲಿ ಮೊಮ್ಮಕ್ಕಳು ವಿಚಾರಿಸಲಾರರು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ ಶೆಟ್ರೇ. ಆ ಹಿಂಜಸ್‌ಗಳು ಪೆನಾಂಗ್‌ನಲ್ಲಿ ತಯಾರಾಗಿದ್ದಲ್ಲ ಅಂತ ನನ್ನ ಅನುಮಾನ. ಚೀನಾದಿಂದ ನೀವೇ ನೇರವಾಗಿ ಆನ್‌ಲೈನ್‌ನಲ್ಲಿ ತರಿಸಬಹುದು. ನೀವು ಆ ಅಜ್ಜನಿಗೆ ದುಡ್ಡು ಕೊಡುತ್ತಿರುವುದು ಅರವತ್ತು ದಿನಕ್ಕೆ.

ಚಿಕ್ಕಪೇಟೆ ಶೆಟ್ಟಿ
ಗೊತ್ತು ಭಟ್ರೇ, ಪೆಟ್ಟಿಗೆ ಮೇಲೇ ಝೆಜಿಯಾಂಗ್ ಅಂತ ಬರೆದಿರುತ್ತದೆ. ನನ್ನ ಮಗ ದಿನಾ ಅದನ್ನೇ ಹೇಳುತ್ತಾನೆ. ಹೋದ ವರ್ಷ ಅವನ ಮಾತು ಕೇಳಿ ಆನ್‌ಲೈನ್‌ನಲ್ಲಿ ಒಂದು ಕಡೆಯಿಂದ ತರಿಸಿದೆ. ಪೂರ್ತಿ ದುಡ್ಡು ಮುಂಗಡ. ಬಂದ ಮಾಲಿನಲ್ಲಿ ಕಾಲು ಭಾಗ ಸ್ಕ್ರೂ ತೂತೇ ಹೊಂದುತ್ತಿರಲಿಲ್ಲ. ಕೇಳೋಣ ಅಂದರೆ ಆ ಕಡೆ ಮನುಷ್ಯರೇ ಇಲ್ಲ, ಬರೀ ಮೆಸೇಜು.

ಇನ್ನು ಅರವತ್ತು ದಿನದ ವಿಷಯ. ನಿನ್ನೆ ಐವತ್ತೆಂಟನೇ ದಿನ. ಇಲ್ಲಿ ಒಂದು ಪಾರ್ಟಿಯಿಂದ ನನಗೆ ಬರಬೇಕಾದ ದುಡ್ಡು ಬಂದಿರಲಿಲ್ಲ. ಹತ್ತು ದಿನ ಟೈಮ್ ಕೊಡಿ ಅಂತ ಪೆನಾಂಗ್‌ಗೆ ಫೋನ್ ಮಾಡಿದೆ. ಅಜ್ಜ "ಆಯಿತು, ಆಯಿತು, ತೊಂದರೆ ಇಲ್ಲ" ಅಂದರು. ನಗುತ್ತಲೇ ಅಂದರು.

ಒಂದು ಗಂಟೆಯೊಳಗೆ ಸಿಂಗಪುರದ ಪಾರ್ಟಿಯಿಂದ ಫೋನ್. ಎಂಟು ವರ್ಷದಲ್ಲಿ ಅವನು ಸುಮ್ನೆ ಒಂದು ಸಲವೂ ಫೋನ್ ಮಾಡಿದವನಲ್ಲ. ವ್ಯಾಪಾರದ ಮಾತೇ ಎತ್ತಲಿಲ್ಲ. ಬೆಂಗಳೂರಿನಲ್ಲಿ ಮಳೆ ಹೇಗಿದೆ, ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರಾ ಅಂತ ಕೇಳಿದ.

ಇವತ್ತು ಬೆಳಿಗ್ಗೆ ಬ್ಯಾಂಕ್ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತಿದ್ದೆ.